ಹುಲಿಪಟ್ಟೆಯ ಖಡ್ಗ

ಆಯುಧವು ಕೊಲ್ಲುವ ಸಾಧನ. ಆದರೂ ಮಾನವನು ಅದನ್ನು ಅಲಂಕರಿಸದೆ ಬಿಟ್ಟವನಲ್ಲ. ಜಪಾನ್ ದೇಶದ ಸಾಮುರಾಯ್ ಯೋಧರು ತಮ್ಮ ಖಡ್ಗಗಳನ್ನು ಮನೆಯಲ್ಲಿರಿಸಲು ಮರದ ಪೀಠಗಳನ್ನು ಮಾಡಿಸುತ್ತಿದ್ದರು. ಒಂದು ಜಾತಿಯ ಮರದ ರಸದಿಂದ ಸಿದ್ಧಪಡಿಸಿದ ಮೆರುಗನ್ನು ಆ ಪೀಠಕ್ಕೆ ಪದರ ಪದರವಾಗಿ ಬಳಿದು, ಪ್ರತಿಯೊಂದು ಪದರವನ್ನೂ ಒಣಗಿಸಿ ಉಜ್ಜಿ, ಕನ್ನಡಿಯಂತೆ ಹೊಳೆಯುವ ಹಾಗೆ ಮಾಡುತ್ತಿದ್ದರು. ಮೆರುಗು ಹಸಿಯಾಗಿರುವಾಗಲೇ ಚಿನ್ನದ ಪುಡಿಯನ್ನು ಉದುರಿಸಿ ಚಿತ್ರ ಬಿಡಿಸುವುದೂ, ಮುತ್ತಿನ ಚಿಪ್ಪಿನ ತೆಳುವಾದ ಚೂರುಗಳನ್ನು ಕೂರಿಸಿ ಹೂಬಳ್ಳಿಗಳನ್ನು ಮೂಡಿಸುವುದೂ ಅಲ್ಲಿಯ ಕುಶಲಕರ್ಮಿಗಳಿಗೆ ಕರತಲಾಮಲಕವಾಗಿತ್ತು. ಖಡ್ಗವನ್ನು ಅದರ ಬಾಯಿ ಮೇಲ್ಮುಖವಾಗಿರುವಂತೆ ಪೀಠದ ಮೇಲೆ ಮಲಗಿಸುತ್ತಿದ್ದರು. ಶಾಂತಿಯ ಕಾಲದಲ್ಲಿ ಬಲಗೈಗೆ ಥಟ್ಟನೆ ಎಟುಕದಂತೆ ಹಿಡಿಯನ್ನು ಎಡಕ್ಕಿಡುವುದು ವಾಡಿಕೆ. 17ನೆಯ ಶತಮಾನದ ನಡುಭಾಗದಿಂದ ಸುಮಾರು ಎರಡು ನೂರು ವರ್ಷಗಳ ಕಾಲ ಜಪಾನಿನಲ್ಲಿ ದೊಡ್ಡ ಯುದ್ಧಗಳು ನಡೆಯಲಿಲ್ಲ. ಪೀಠದ ಮೇಲಿನ ಖಡ್ಗವು ಅಲ್ಲಿಯೇ ಉಳಿಯಿತು; ಪೀಠದ ಅಂದ ಮಾತ್ರ ದಿನೇ ದಿನೇ ಹೆಚ್ಚುತ್ತ ಹೋಯಿತು.

ಅದೇ ಕಾಲಕ್ಕೆ ಸೇರಿದ ಒಬ್ಬ ಕನ್ನಡ ನಾಡಿನ ಅರಸನಿಗೆ ಅಂತಹ ಶಾಂತಿ ದೊರೆಯಲಿಲ್ಲ. ಅವನು ಶ್ರೀರಂಗಪಟ್ಟಣದ ತನ್ನ ಅರಮನೆಯ ಶಯನಗೃಹದಲ್ಲಿ, ಚಾವಣಿಯಿಂದ ಇಳಿಬಿಟ್ಟ ತೂಗುಹಾಸಿಗೆಯ ಮೇಲೆ ಮಲಗುತ್ತಿದ್ದನೆಂದೂ, ಮದ್ದುಗುಂಡು ತುಂಬಿದ ಎರಡು ಪಿಸ್ತೂಲುಗಳೂ ಒಂದು ಖಡ್ಗವೂ ಅವನ ಮಗ್ಗುಲಲ್ಲಿಯೇ ಇರುತ್ತಿದ್ದವೆಂದೂ ಆಂಗ್ಲರ ಬರಹಗಳು ತಿಳಿಸುತ್ತವೆ. ಆ ಖಡ್ಗದ ಹಿಡಿಯ ಮೇಲೆ ಚಿನ್ನದ ಎಳೆಗಳಿಂದ ದೇವರ ಗುಣಗಳನ್ನು ಹೇಳುವ ಅಕ್ಷರಗಳನ್ನು ಕೂರಿಸಲಾಗಿದೆ. ಅಲಗಿನ ಮೇಲೆ ಅದು ಅರಸನ ಖಡ್ಗವೆಂದು ಸಾರುವ ಬರಹವಿದೆ. ಅದಕ್ಕೆ ಪೀಠವಿರಲಿಲ್ಲ, ಇದ್ದಿದ್ದರೂ ಅದರ ಮೇಲೆ ಅದು ಬಹುಕಾಲ ನಿಲ್ಲುತ್ತಿರಲಿಲ್ಲ. ಆ ಅರಸನೇ ಟಿಪ್ಪು ಸುಲ್ತಾನ.

ಟಿಪ್ಪುವು 1750ನೆಯ ನವೆಂಬರ್ 20ರಂದು ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನೀಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತನ ಸ್ಮರಣೆಗಾಗಿ ಮಗುವಿಗೆ ಆ ಹೆಸರನ್ನಿಟ್ಟರು. ಹೈದರನು ಅಂದು ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೇರುತ್ತಿದ್ದ ಒಬ್ಬ ಸೇನಾನಿ. ಹತ್ತು ಹನ್ನೆರಡು ವರ್ಷಗಳಲ್ಲಿ ಅವನು ರಾಜ್ಯದ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡನು. ಅವನಿಗೆ ಓದುಬರಹ ಬಾರದು. ಆ ಕೊರತೆಯನ್ನು ಚೆನ್ನಾಗಿ ಅರಿತಿದ್ದ ಅವನು ಮಗನಿಗೆ ಪಾರಸಿ, ಅರಬ್ಬಿ, ಉರ್ದು, ಕನ್ನಡಗಳನ್ನು ಕಲಿಸುವ ಏರ್ಪಾಡು ಮಾಡಿದನು. ಅದರೊಂದಿಗೆ ಕತ್ತಿವರಸೆ, ಕುದುರೆ ಸವಾರಿ, ಬಂದೂಕು ಪ್ರಯೋಗ ಇವುಗಳ ಶಿಕ್ಷಣವೂ ನಡೆಯಿತು. ಹದಿನೈದು ಹದಿನಾರರ ಹರೆಯದಲ್ಲಿಯೇ ಟಿಪ್ಪುವು ತಂದೆಯೊಡನೆ ಮಲಬಾರಿನ ದಂಡಯಾತ್ರೆಗೆ ಹೋದನು. ಮೊದಲನೆಯ ಮೈಸೂರು ಯುದ್ಧದಲ್ಲಿ ಕುದುರೆಯ ಪಡೆಯೊಂದನ್ನು ನಡೆಸಿಕೊಂಡು ಮದರಾಸಿನ ಹೊರವಲಯದವರೆಗೂ ನುಗ್ಗಿದನು.

ಅವನ ಯೌವನದ ಒಂದು ಪ್ರಸಂಗವು ಮಂಡ್ಯ ಸೀಮೆಯಲ್ಲಿಯೇ ನಡೆಯಿತು. ಅಕ್ಕಿಹೆಬ್ಬಾಳಿನ ಮಗ್ಗುಲಲ್ಲಿ ಹರಿಯುವ ಹೇಮಾವತಿಯು ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಕಾವೇರಿಯು ಕನ್ನಂಬಾಡಿಯನ್ನು ದಾಟಿ ಬಂದು ಶ್ರೀರಂಗಪಟ್ಟಣವನ್ನು ಎರಡು ಕವಲಾಗಿ ಬಳಸುತ್ತದೆ. ಈ ನದಿಗಳಿಗೆ ಉತ್ತರದಲ್ಲಿರುವ ಇಂದಿನ ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ ತಾಲ್ಲೂಕುಗಳ ನೆಲವು ಅಂದು ದಂಡುಗಳು ಬರುವ ಹಾದಿಯಾಗಿತ್ತು. 1771ನೆಯ ಮಾರ್ಚ್ ತಿಂಗಳಿನಲ್ಲಿ ತ್ರಿಂಬಕರಾಯನ ನಾಯಕತ್ವದಲ್ಲಿ ಮರಾಠರ ದೊಡ್ಡ ಸೈನ್ಯವೊಂದು ಮೇಲುಕೋಟೆಯ ಬಳಿ ಹೈದರನನ್ನು ಒತ್ತಿಹಿಡಿಯಿತು. ರಾತ್ರಿಯ ಕತ್ತಲಲ್ಲಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಹಿಂದಿರುಗಬೇಕೆಂದು ಹೈದರನು ಯೋಚಿಸಿದನು. ಆದರೆ ದಾರಿಯಲ್ಲಿ ಹಾರಿದ ಒಂದು ಫಿರಂಗಿಯ ಸದ್ದು ಶತ್ರುಗಳನ್ನು ಎಚ್ಚರಿಸಿಬಿಟ್ಟಿತು. ಚಿನಕುರಳಿಯ ಹತ್ತಿರ ಬೆಳಗಾಗುವ ವೇಳೆಗೆ ಮೈಸೂರಿನ ಸೈನ್ಯವು ಸುತ್ತುವರಿಯಲ್ಪಟ್ಟಿತ್ತು.

ಟಿಪ್ಪುವು ಸಾಮಾನು ಸರಂಜಾಮುಗಳ ಕಾವಲಿನ ದಂಡಿನಲ್ಲಿ ಇದ್ದನು. ತಂದೆಯು ಕಳುಹಿಸಿದ ಕರೆಯು ಕತ್ತಲ ಗೊಂದಲದಲ್ಲಿ ಅವನಿಗೆ ಬಹಳ ತಡವಾಗಿ ಮುಟ್ಟಿತು. ಕೊನೆಗೆ ಅವನು ಬಂದಾಗ, ಕುಡಿತದ ಅಮಲಿನಲ್ಲಿಯೂ ಕೋಪದಲ್ಲಿಯೂ ಇದ್ದ ಹೈದರನು ಬಾಯಿಗೆ ಬಂದಂತೆ ಬೈದು, ಬೆತ್ತವನ್ನು ಕಸಿದುಕೊಂಡು ಎಲ್ಲರ ಕಣ್ಣೆದುರಿನಲ್ಲಿ ಮಗನನ್ನು ಥಳಿಸಿದನು. ಇಪ್ಪತ್ತು ವರ್ಷದ ಆ ಯುವಕನು ತನ್ನ ಪಡೆಯ ಬಳಿಗೆ ಹಿಂದಿರುಗಿ, ರುಮಾಲನ್ನೂ ಖಡ್ಗವನ್ನೂ ನೆಲಕ್ಕೆಸೆದು, ಆ ದಿನ ತಾನು ಖಡ್ಗವನ್ನು ಒರೆಯಿಂದ ತೆಗೆಯುವುದಿಲ್ಲವೆಂದು ಆಣೆಯಿಟ್ಟನು. ಆ ಮಾತನ್ನು ಉಳಿಸಿಕೊಂಡನು ಕೂಡ. ಯುದ್ಧದಲ್ಲಿ ಮೈಸೂರಿನವರಿಗೆ ದೊಡ್ಡ ಸೋಲಾಯಿತು. ಹೈದರನು ಹೇಗೋ ತಪ್ಪಿಸಿಕೊಂಡು ಶ್ರೀರಂಗಪಟ್ಟಣವನ್ನು ಸೇರಿದನು. ಮಗನು ಸತ್ತಿರಬೇಕೆಂದು ಬಗೆದು, ಕೋಟೆಯೊಳಗೆ ಹೋಗದೆ ದ್ವೀಪದ ದರ್ಗಾವೊಂದರಲ್ಲಿ ಕುಳಿತು ದುಃಖಿಸುತ್ತಿದ್ದನು. ರಾತ್ರಿ ಭಿಕ್ಷುಕನ ವೇಷದಲ್ಲಿ ಗೆಳೆಯನೊಬ್ಬನೊಡನೆ ಮರಾಠರ ದಂಡಿನ ನಡುವೆ ನಡೆದುಬಂದ ಟಿಪ್ಪುವನ್ನು ಕಂಡಾಗ ಅವನಿಗೆ ಹೋದ ಜೀವ ಬಂದಂತಾಯಿತು. ಈ ವೃತ್ತಾಂತವನ್ನು ಬರೆದಿಟ್ಟವನು ಆಂಗ್ಲ ಅಧಿಕಾರಿಯಾದ ವಿಲ್ಕ್ಸ್. ಅವನಿಗೆ ಹೈದರನ ಮೇಲಾಗಲಿ ಟಿಪ್ಪುವಿನ ಮೇಲಾಗಲಿ ವಿಶೇಷ ಪ್ರೀತಿಯಿರಲಿಲ್ಲ. ಆದುದರಿಂದ ಇದರಲ್ಲಿ ಹೊಗಳಿಕೆಯ ಬಣ್ಣವಿರುವ ಸಂಭವ ಕಡಮೆ. ಟಿಪ್ಪುವಿನ ಬದುಕಿನಲ್ಲಿ ಅವನು ತಾನಾಗಿಯೇ ಖಡ್ಗವನ್ನು ಕೆಳಗಿಟ್ಟುದು ಆ ಒಂದು ದಿನ ಮಾತ್ರವೆಂದು ತೋರುತ್ತದೆ.

ಎರಡನೆಯ ಮೈಸೂರು ಯುದ್ಧದಲ್ಲಿ ಅವನ ಕೀರ್ತಿ ಹಬ್ಬಿತು. 1780ನೆಯ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವನ್ನು ತಂದೆಮಕ್ಕಳಿಬ್ಬರೂ ಸೇರಿ ನಿರ್ನಾಮ ಮಾಡಿದರು. ಮೈಸೂರಿನವರ ಬಾಣಗಳು, ಎಂದರೆ ರಾಕೆಟ್ಟುಗಳು, ಆಂಗ್ಲರ ಸೈನ್ಯವನ್ನು ಕಂಗೆಡಿಸಿದವು. ಮದ್ದಿನ ಬಂಡಿಗಳು ಸಿಡಿದುದರಿಂದ ಅವರ ಸೋಲು ಪೂರ್ಣವಾಯಿತು. ಸೆರೆಸಿಕ್ಕವರಲ್ಲಿ ಗಾಯಗೊಂಡ ಡೇವಿಡ್ ಬೇರ್ಡ್ ಎಂಬ ತರುಣ ಅಧಿಕಾರಿಯೂ ಇದ್ದನು. ಅವನು 1784ರವರೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಸಂಕೋಲೆ ತೊಟ್ಟು ದಿನಗಳನ್ನು ಕಳೆದನು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

1782ನೆಯ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಹೈದರನು ತೀರಿಕೊಂಡನು. ಮಲಬಾರಿನ ಕಡೆ ಯುದ್ಧದಲ್ಲಿದ್ದ ಟಿಪ್ಪುವು ಬಂದು ಸೇರುವವರೆಗೆ ಮಂತ್ರಿಗಳು ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟರು. 1784ನೆಯ ಮಾರ್ಚ್ ತಿಂಗಳಿನಲ್ಲಿ ಮಂಗಳೂರಿನ ಒಪ್ಪಂದದೊಂದಿಗೆ ಯುದ್ಧವು ಮುಗಿಯಿತು. ಟಿಪ್ಪುವು ತಂದೆಗಾಗಿ ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿ ಗುಂಬಜನ್ನು ಕಟ್ಟಿಸಿದನು. ಅದೇ ಕಾಲದಲ್ಲಿ ಕಾವೇರಿಯ ದಡದ ತೋಟದಲ್ಲಿ ದರಿಯಾ ದೌಲತ್ ಎಂಬ ಮರದ ಅರಮನೆಯು ಎದ್ದಿತು. ಅದರ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವನ್ನು ವಿಸ್ತಾರವಾಗಿ ಚಿತ್ರಿಸಲಾಯಿತು.

ಯುದ್ಧಗಳ ನಡುವೆ ಸಿಕ್ಕಿದ ಐದಾರು ವರ್ಷಗಳಲ್ಲಿ ಟಿಪ್ಪುವು ಮಾಡಿದ ಕೆಲಸಗಳನ್ನು ಕಂಡರೆ ಆಶ್ಚರ್ಯವಾಗುತ್ತದೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಇಲ್ಲೆಲ್ಲ ಆಯುಧಗಳ ಕಾರ್ಖಾನೆಗಳು ನಡೆಯುತ್ತಿದ್ದವು. ಹೊರಗಿನವರಿಂದ ಕೊಂಡ ಬಂದೂಕನ್ನು ನೆಚ್ಚಿ ರಾಜ್ಯವನ್ನು ಕಾಪಾಡಲಾಗದೆಂಬುದು ಅವನ ದೃಢವಾದ ನಂಬಿಕೆ. 1787ರಲ್ಲಿ ಅವನು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದನು. ಸೈನಿಕರ ನೆರವಿನೊಡನೆ ಅವರು ಕೇಳಿದ್ದು ಬಂದೂಕು ಮಾಡುವವರನ್ನು, ಫಿರಂಗಿ ಎರಕ ಹೊಯ್ಯುವವರನ್ನು, ಗಡಿಯಾರದ ಕೆಲಸದವರನ್ನು, ಗಾಜು ಮತ್ತು ಪಿಂಗಾಣಿಯ ಕುಶಲಿಗಳನ್ನು. ದೊಡ್ಡ ಸೈನ್ಯವು ಬರಲಿಲ್ಲ. ಕೆಲವು ಮಂದಿ ಕುಶಲಕರ್ಮಿಗಳು ಮಾತ್ರ ಬಂದರು. ಸುಲ್ತಾನನು ಅವರನ್ನು ಕಾರ್ಖಾನೆಗಳಿಗೆ ಕಳುಹಿಸಿದನು. ಅವನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯನ್ನು ಆಂಗ್ಲರು ಫ್ರೆಂಚ್ ರಾಕ್ಸ್ ಎಂದು ಕರೆದರು. ಅದೇ ಇಂದಿನ ಪಾಂಡವಪುರ.

ಆ ಕಾರ್ಖಾನೆಗಳಲ್ಲಿ ಉಕ್ಕು ಹೇಗೆ ಆಯುಧವಾಗುತ್ತಿತ್ತೆಂಬುದನ್ನು ತಿಳಿಯುವುದು ಅವಶ್ಯ. ಮೈಸೂರು ಸೀಮೆಯ ಹಲವೆಡೆ ಕಬ್ಬಿಣದ ಅದಿರನ್ನು ಕುಲುಮೆಯಲ್ಲಿ ಕರಗಿಸಿ, ಸಿಕ್ಕಿದ ಕಬ್ಬಿಣದ ತುಂಡುಗಳನ್ನು ಸೌದೆಯ ಚೂರುಗಳೊಡನೆ ಮಣ್ಣಿನ ಮೂಸೆಗಳಲ್ಲಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ಉಕ್ಕನ್ನು ಪಡೆಯುತ್ತಿದ್ದರು. ಟಿಪ್ಪುವಿನ ಮರಣದ ಮರುವರ್ಷ ಈ ನಾಡಿನಲ್ಲಿ ಸಂಚರಿಸಿದ ಬುಕಾನನ್ನನು ಈ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯು ದೂರದ ಊರುಗಳಿಗೂ ಹೋಗುತ್ತಿತ್ತು. ಉಕ್ಕಿನ ಮೇಲೆ ಚಿನ್ನವನ್ನು ಕೂರಿಸುವ ಕೆಲಸವಂತೂ ಬಹಳ ನಾಜೂಕಾದುದು. ಮೊದಲು ಉಕ್ಕಿನ ಮೈಯನ್ನು ಹರಿತವಾದ ಉಳಿಯಿಂದ ಅಡ್ಡಡ್ಡಲಾಗಿಯೂ ಉದ್ದುದ್ದವಾಗಿಯೂ ಗೀಚಿ ತರಿತರಿ ಮಾಡುತ್ತಾರೆ. ಕೂದಲೆಳೆಯಷ್ಟು ಸಣ್ಣದಾದ ಚಿನ್ನದ ತಂತಿಯನ್ನು ಚಿತ್ರಕ್ಕೆ ತಕ್ಕಂತೆ ಬಾಗಿಸಿ ಅದರ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ಬಡಿಯುತ್ತಾರೆ. ಗೀರುಗಳು ಮೆತ್ತನೆಯ ಚಿನ್ನವನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬೆಸುಗೆಯಿಲ್ಲ, ಅಂಟಿಲ್ಲ, ಲೋಹವೇ ಲೋಹವನ್ನು ಹಿಡಿದುಕೊಳ್ಳುತ್ತದೆ. ಜಪಾನಿನ ಮೆರುಗಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಾಗಲಿ, ಇಲ್ಲಿಯ ಉಕ್ಕಿನಲ್ಲಿ ಕೂರಿಸಿದ ಚಿನ್ನವಾಗಲಿ ಬೇಡುವುದು ಒಂದೇ ಬಗೆಯ ತಾಳ್ಮೆಯನ್ನು.

ಶ್ರೀರಂಗಪಟ್ಟಣದ ಆಯುಧಗಳನ್ನು ಬೇರೆ ಕಡೆಯವುಗಳಿಂದ ಒಡನೆಯೇ ಗುರುತಿಸಬಹುದು. ಅವುಗಳ ಮೇಲೆಲ್ಲ ಹುಲಿಯಿದೆ. ಖಡ್ಗದ ಹಿಡಿಯ ತುದಿ ಹುಲಿಯ ತಲೆ. ಬಂದೂಕಿನ ಕುದುರೆಯೂ ಹುಲಿಯ ರೂಪದ್ದು. ಕೆಲವು ಫಿರಂಗಿಗಳ ಬಾಯಿಯೂ ಹುಲಿಯ ಬಾಯಿಯೇ. ಹುಲಿಯ ಚಿತ್ರವಿಲ್ಲದೆಡೆ ಹುಲಿಯ ಮೈಮೇಲಿನ ಪಟ್ಟೆಯಾದರೂ ಇರುತ್ತದೆ. ಬಬ್ರಿ ಎಂದು ಕರೆಯುವ ಈ ಪಟ್ಟೆಯು ಬಳುಕಿದ ಎಲೆಯಂತೆ ನಡುವೆ ಅಗಲವಾಗಿ ತುದಿಗಳಲ್ಲಿ ಚೂಪಾಗಿರುತ್ತದೆ. ಅಲಗಿನ ಮೇಲೆ, ಬಂದೂಕಿನ ನಳಿಗೆಯ ಮೇಲೆ, ಸೈನಿಕರ ಸಮವಸ್ತ್ರದ ಮೇಲೆ, ಅರಮನೆಯ ಸಾಮಗ್ರಿಗಳ ಮೇಲೆ ಅದೇ ಪಟ್ಟೆ. ಹೈದರ್ ಎಂಬ ಹೆಸರಿಗೆ ಸಿಂಹವೆಂದು ಅರ್ಥ. ಸಿಂಹವೂ ಹುಲಿಯೂ ಪರಾಕ್ರಮದ ಕುರುಹುಗಳೇ ಆದುದರಿಂದ ಮಗನು ಈ ನಾಡಿನ ಕಾಡಿನ ಪ್ರಾಣಿಯನ್ನೇ ಆರಿಸಿಕೊಂಡಿರಬೇಕು. ತಂದೆಯ ಹೆಸರಿನ ಮೊದಲಕ್ಷರವನ್ನು ಅವನು ತನ್ನ ನಾಣ್ಯಗಳಿಂದಲೂ ತೆಗೆಯಲಿಲ್ಲ. ಟಿಪ್ಪುವು ಹುಲಿಯೊಡನೆ ಕಾದಾಡಿದನೆಂಬ ಕಥೆಗಳು ಬಹಳ ಇವೆ. ಅವುಗಳಿಗೆ ಆಧಾರ ಸಾಲದು. ಆಧಾರವಿರುವ ಸಂಗತಿಗಳೇ ಸಾಕಷ್ಟು ಸ್ವಾರಸ್ಯವಾಗಿವೆ.

ಅವನು ಮಾಡಿಸಿದ ಸಿಂಹಾಸನವು ಎಂಟು ಮೂಲೆಯದು. ಮರದ ಮೇಲೆ ಚಿನ್ನದ ತಗಡನ್ನು ಹೊದಿಸಿ ಹುಲಿಪಟ್ಟೆಯನ್ನು ಮೂಡಿಸಿದ್ದರು. ಪೀಠವನ್ನು ಹುಲಿಯೊಂದು ಹೊತ್ತು ನಿಂತಿತ್ತು. ಛತ್ರದ ಮೇಲೆ ರತ್ನಗಳನ್ನು ಕೂರಿಸಿದ ಹುಮಾ ಎಂಬ ಪಕ್ಷಿಯಿತ್ತು. ಆಂಗ್ಲರನ್ನು ಸೋಲಿಸುವವರೆಗೆ ಅದನ್ನು ಏರುವುದಿಲ್ಲವೆಂದು ಸುಲ್ತಾನನು ಶಪಥ ಮಾಡಿದ್ದನೆಂದು ಪ್ರತೀತಿ.

ಬಿದಿರಿನ ಕೋಲಿಗೆ ಕಟ್ಟುವ ರಾಕೆಟ್ಟುಗಳು ಹಿಂದೆಯೂ ಇದ್ದವು. ಮೈಸೂರಿನವರು ಕಾಗದದ ಕೊಳವೆಗೆ ಬದಲಾಗಿ ಕಬ್ಬಿಣದ ಕೊಳವೆಯನ್ನು ಬಳಸಿದುದರಿಂದ ಮದ್ದನ್ನು ಬಿಗಿಯಾಗಿ ತುಂಬಲು ಸಾಧ್ಯವಾಯಿತು. ಬಾಣವು ಹೆಚ್ಚು ದೂರ ಹಾರಿತು. ಕೆಲವಕ್ಕೆ ಕೋಲಿನ ಬದಲು ಕತ್ತಿಯ ಅಲಗನ್ನೇ ಕಟ್ಟುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ ರಾಕೆಟ್ಟುಗಳನ್ನು ಆಂಗ್ಲರು ತಮ್ಮ ದೇಶಕ್ಕೆ ಸಾಗಿಸಿದರು. ಅವುಗಳಿಂದ ಪ್ರೇರಣೆ ಪಡೆದ ಕಾಂಗ್ರೀವನು 19ನೆಯ ಶತಮಾನದ ಆರಂಭದಲ್ಲಿ ಹೊಸ ರಾಕೆಟ್ಟುಗಳನ್ನು ನಿರ್ಮಿಸಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ, ಎಂದರೆ ಹಿಂದಿನ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ಇಂತಹ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು.

ಆಯುಧಗಳಷ್ಟೇ ಅವನ ಚಿಂತೆಯಾಗಿರಲಿಲ್ಲ. ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ರೇಷ್ಮೆಯ ಕೃಷಿಯನ್ನು ಬೆಳೆಸಿದನು. ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನು ತೆರೆದನು. ಕಾವೇರಿಗೆ ಅಣೆಕಟ್ಟೆಯನ್ನು ಕಟ್ಟಲು ಅವನು ಅಡಿಗಲ್ಲಿಟ್ಟುದನ್ನು ತಿಳಿಸುವ ಪಾರಸಿ ಶಾಸನವು ಕನ್ನಂಬಾಡಿಯಲ್ಲಿ ದೊರೆತಿದೆ. ಚನ್ನಪಟ್ಟಣದ ಅರಗಿನ ಬೊಂಬೆಗಳ ಕೈಗಾರಿಕೆಯು ಅವನು ಪರ್ಷಿಯಾದಿಂದ ಕರೆಸಿದ ಕುಶಲಿಗಳಿಂದ ಆರಂಭವಾಯಿತೆಂದು ಆ ಊರಿನವರ ಹೇಳಿಕೆ. ಜಪಾನಿನ ಮೆರುಗು ಮರದ ರಸವಾದರೆ ನಮ್ಮ ಅರಗು ಮರದ ಕೊಂಬೆಗಳ ಮೇಲೆ ಕೀಟಗಳು ಸ್ರವಿಸುವ ಅಂಟು. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಕೇದಗೆಯ ಜಾತಿಯ ಗಿಡದ ಗರಿಯಿಂದ ಉಜ್ಜಿದಾಗ ಅದಕ್ಕೆ ಹೊಳಪು ಬರುತ್ತದೆ.

ಟಿಪ್ಪುವಿನ ಆಡಳಿತದ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ಕೊಡಗಿನಲ್ಲಿಯೂ ಮಲಬಾರಿನಲ್ಲಿಯೂ ದಂಗೆಯೆದ್ದವರನ್ನು ಅವನು ಅತ್ಯಂತ ಕ್ರೂರವಾಗಿ ದಂಡಿಸಿದನು. ಸಾವಿರಾರು ಜನರನ್ನು ನೆಲೆಯಿಂದ ಕಿತ್ತು ಸಾಗಿಸಿದನು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದಾಗ ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಮೇಲುಕೋಟೆಯ ಕೆಲವು ಮನೆತನಗಳು ತಮ್ಮ ಹಿರಿಯರು ಆ ಕಾಲದಲ್ಲಿ ಹತರಾದರೆಂಬ ನೆನಪಿನಿಂದ ನರಕಚತುರ್ದಶಿಯ ಹಬ್ಬವನ್ನೇ ಆಚರಿಸುವುದಿಲ್ಲ. ಅದೇ ಮೇಲುಕೋಟೆಯ ದೇವಾಲಯಕ್ಕೂ, ಶ್ರೀರಂಗಪಟ್ಟಣದ ರಂಗನಾಥನಿಗೂ ಅವನು ಬೆಳ್ಳಿಯ ಪಾತ್ರೆಗಳನ್ನು ಅರ್ಪಿಸಿದ್ದನು. 1791ರಲ್ಲಿ ಮರಾಠರ ಸವಾರರು ಶೃಂಗೇರಿಯ ಮಠವನ್ನು ಸೂರೆಗೈದಾಗ, ಶಾರದೆಯ ಪುನಃಪ್ರತಿಷ್ಠೆಗೆ ಧನಸಹಾಯ ಮಾಡಿ ಸ್ವಾಮಿಗಳಿಗೆ ಭಕ್ತಿಯಿಂದ ಕಾಗದಗಳನ್ನು ಬರೆದನು. ಕನ್ನಡದಲ್ಲಿರುವ ಆ ಕಾಗದಗಳು 1916ರಲ್ಲಿ ಬೆಳಕಿಗೆ ಬಂದವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಿತೂಗಿಸಲು ಹೊರಡುವವರು ಇಂದಿಗೂ ಜಗಳವಾಡುತ್ತಿದ್ದಾರೆ. ಒಂದು ಇನ್ನೊಂದನ್ನು ಅಳಿಸಲಾರದು. ಎರಡೂ ನಡೆದ ಸಂಗತಿಗಳೇ.

1790ರಲ್ಲಿ ಮೂರನೆಯ ಯುದ್ಧವು ಆರಂಭವಾಯಿತು. ಈ ಸಲ ಆಂಗ್ಲರು, ಮರಾಠರು, ನಿಜಾಮ ಮೂವರೂ ಒಂದಾಗಿದ್ದರು. 1791ನೆಯ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಗೆದ್ದು ಕನ್ನಂಬಾಡಿಯವರೆಗೆ ಬಂದನು. ಆದರೆ ಮಳೆ ಹಿಡಿಯಿತು. ಮೇವಿಲ್ಲದೆ ಎತ್ತುಗಳು ಸತ್ತವು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಅವನು ಮತ್ತೆ ಬಂದಾಗ ಶ್ರೀರಂಗಪಟ್ಟಣದ ಹೊರಕಾವಲುಗಳು ಒಂದೇ ರಾತ್ರಿಯಲ್ಲಿ ಬಿದ್ದವು. ಟಿಪ್ಪುವು ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಬೇಕಾಯಿತು. ಹಣವು ಸಂದಾಯವಾಗುವವರೆಗೆ ಅವನ ಇಬ್ಬರು ಗಂಡುಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಳುಗಳಾಗಿ ಶತ್ರುಗಳ ಶಿಬಿರಕ್ಕೆ ಹೋದರು. ಹಿರಿಯನಿಗೆ ಸುಮಾರು ಹತ್ತು ವರ್ಷ, ಕಿರಿಯನಿಗೆ ಎಂಟು. ಅವರು ಹಿಂದಿರುಗಿದುದು 1794ರಲ್ಲಿ.

ಮುಂದಿನ ಐದು ವರ್ಷಗಳಲ್ಲಿ ಅವನು ಕೋಟೆಯನ್ನು ಬಲಪಡಿಸಿದನು. ಫ್ರೆಂಚರ ನೆರವಿಗಾಗಿ ಮತ್ತೆ ಮತ್ತೆ ಪ್ರಯತ್ನಿಸಿದನು. ಅದನ್ನೇ ನೆಪಮಾಡಿಕೊಂಡು ಗವರ್ನರ್ ಜನರಲ್ ವೆಲ್ಲೆಸ್ಲಿಯು 1799ರಲ್ಲಿ ಯುದ್ಧ ಸಾರಿದನು. ಏಪ್ರಿಲ್ ತಿಂಗಳಿನಲ್ಲಿ ಮುತ್ತಿಗೆ ಬಿತ್ತು. ಕೋಟೆಯ ವಾಯವ್ಯ ಮೂಲೆಯ ಬಳಿ ಗೋಡೆಯು ಬಿರಿಯಿತು.

ಮೇ 4ರಂದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಬಿಸಿಲಿನ ಹೊತ್ತಿನಲ್ಲಿ, ಆಂಗ್ಲರ ಪಡೆಯು ಬತ್ತಿದ ಹೊಳೆಯನ್ನು ದಾಟಿ ಏರಿಬಂದಿತು. ಖಡ್ಗವನ್ನು ಹಿರಿದು ಅದರ ಮುಂದೆ ನಿಂತವನು ಡೇವಿಡ್ ಬೇರ್ಡ್. ಹಿಂದೆ ಇದೇ ಊರಿನಲ್ಲಿ ಸಂಕೋಲೆ ತೊಟ್ಟಿದ್ದವನು ಈಗ ಸೇನಾಪತಿಯಾಗಿ ಬಂದಿದ್ದನು. ಊಟಕ್ಕೆ ಕುಳಿತಿದ್ದ ಟಿಪ್ಪುವಿಗೆ ನೆಚ್ಚಿನ ದಳಪತಿ ಸಯ್ಯದ್ ಗಫಾರನು ಗುಂಡಿಗೆ ಬಲಿಯಾದ ಸುದ್ದಿ ಬಂದಿತು. ಅವನು ಕೈತೊಳೆದು ಎದ್ದು ಕೋಟೆಗೋಡೆಯತ್ತ ನಡೆದನು. ಸಾಮಾನ್ಯ ಸಿಪಾಯಿಯಂತೆ ನಿಂತು ಬಂದೂಕು ಹಾರಿಸಿದನು. ತನ್ನವರು ಹಿಮ್ಮೆಟ್ಟಿದಾಗ ಕುದುರೆಯೇರಿ ಒಳಗೋಡೆಯ ಬಾಗಿಲ ಕಡೆಗೆ ಬಂದನು. ಅಲ್ಲಿ ಓಡುವವರ, ನುಗ್ಗುವವರ, ಸತ್ತವರ ಒತ್ತಡದಲ್ಲಿ ಗುಂಡುಗಳು ತಾಗಿ, ಕುದುರೆಯೂ ಬಿದ್ದು, ಅವನು ಹೆಣಗಳ ನಡುವೆ ಒರಗಿದನು. ಯಾರೆಂದರಿಯದ ಆಂಗ್ಲ ಸೈನಿಕನೊಬ್ಬನು ಅವನ ಬೆಲೆಬಾಳುವ ಖಡ್ಗದ ಪಟ್ಟಿಗೆ ಕೈಹಾಕಿದನು. ಪ್ರಾಣವಿನ್ನೂ ಉಳಿದಿದ್ದ ಟಿಪ್ಪುವು ಖಡ್ಗವನ್ನು ಬೀಸಿ ಅವನ ಮೊಣಕಾಲಿನ ಬಳಿ ಗಾಯಗೊಳಿಸಿದನು. ಸೈನಿಕನು ಬಂದೂಕಿನಿಂದ ಅವನ ತಲೆಗೆ ಗುಂಡಿಕ್ಕಿದನು. ಆ ಸೈನಿಕನಿಗೆ ತಾನು ಕೊಂದವನು ಸುಲ್ತಾನನೆಂದು ತಿಳಿದಿರಲಿಲ್ಲ.

ಕತ್ತಲಾದ ಮೇಲೆ ಬೇರ್ಡನು ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯನ್ನು ಹುಡುಕಿಸಿದನು. ಟಿಪ್ಪುವಿನ ದೇಹವು ಸಿಕ್ಕಾಗ ಅದಿನ್ನೂ ಬೆಚ್ಚಗಿತ್ತು. ಬಲತೋಳಿನಲ್ಲಿ ತಾಯಿತವಿತ್ತು, ಖಡ್ಗವಿರಲಿಲ್ಲ.

ಮರುದಿನ ಸಂಜೆ ಶವವನ್ನು ಗುಂಬಜಿಗೆ ಒಯ್ದು ತಂದೆತಾಯಿಗಳ ಮಗ್ಗುಲಲ್ಲಿ ಮಣ್ಣುಮಾಡಿದರು. ಕಂಪನಿಯ ಸೈನಿಕರು ಸೇನಾ ಗೌರವದೊಡನೆ ಹಿಂದೆ ನಡೆದರು. ಆ ರಾತ್ರಿ ಭಾರಿ ಗುಡುಗು ಮಳೆ; ಸಿಡಿಲು ಬಡಿದು ಕಂಪನಿಯ ಶಿಬಿರದಲ್ಲಿಯೂ ಸಾವುಗಳಾದವು. ಊರಿನಲ್ಲಿ ಸೂರೆಯು ರಾತ್ರಿಯೆಲ್ಲ ನಡೆದಿತ್ತು. ಆರ್ಥರ್ ವೆಲ್ಲೆಸ್ಲಿಯು ನಾಲ್ವರನ್ನು ಗಲ್ಲಿಗೇರಿಸಿದ ಮೇಲೆ ಅದು ನಿಂತಿತು. ಸೂರೆಯ ಆಸ್ತಿಯನ್ನು ಹಂಚಲು ನೇಮಕವಾದ ಅಧಿಕಾರಿಗಳು ಸಿಂಹಾಸನವನ್ನು ತುಂಡುತುಂಡಾಗಿ ಒಡೆದರು. ಇಡಿಯಾಗಿ ದೊರೆಗೆ ಕಳುಹಿಸಬೇಕೆಂದು ಗವರ್ನರ್ ಜನರಲನು ಬಯಸುವ ಹೊತ್ತಿಗೆ ಕಾಲ ಮಿಂಚಿತ್ತು. ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿವೆ. ಆಂಗ್ಲನೊಬ್ಬನ ಮೇಲೆ ಎರಗಿದ ಮರದ ಹುಲಿಯು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಶಯನಗೃಹದಲ್ಲಿ ಸಿಕ್ಕ ಖಡ್ಗವನ್ನು ಸೈನ್ಯದವರು ಬೇರ್ಡನಿಗೆ ಬಹುಮಾನವಾಗಿ ಕೊಟ್ಟರು. ಎರಡು ಶತಮಾನಗಳಿಗೂ ಮಿಕ್ಕಿದ ಬಳಿಕ, 2023ನೆಯ ಮೇ ತಿಂಗಳಿನಲ್ಲಿ, ಅದು ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು.

ಶ್ರೀರಂಗಪಟ್ಟಣದಲ್ಲಿ ಉಳಿದವುಗಳಲ್ಲಿ ಗುಂಬಜು ಮುಖ್ಯವಾದುದು. ಹೊರಗೆ ನುಣ್ಣನೆಯ ಕರಿಗಲ್ಲಿನ ಕಂಬಗಳು ಸುತ್ತಲೂ ನಿಂತಿವೆ. ಒಳಗೆ ಹೊಕ್ಕರೆ ಗೋಡೆಗಳ ಮೇಲೆ, ಕಮಾನಿನವರೆಗೂ, ಮೆರುಗಿನ ಬಣ್ಣದಲ್ಲಿ ಬರೆದ ಹುಲಿಪಟ್ಟೆಗಳು ಮಂದವಾದ ಬೆಳಕಿನಲ್ಲಿ ಕಾಣುತ್ತವೆ. ಸೈನಿಕರ ಅಂಗಿಯ ಮೇಲಿದ್ದ, ಖಡ್ಗದ ಅಲಗಿನ ಮೇಲಿದ್ದ ಪಟ್ಟೆಯೇ ಅದು. ಮೂರು ಗೋರಿಗಳು ಅದರ ನಡುವೆ ಇವೆ. ಬಾಗಿಲುಗಳು ಮಾತ್ರ ಟಿಪ್ಪುವಿನ ಕಾಲದವಲ್ಲ. 1855ರ ಸುಮಾರಿಗೆ ಈ ಕಡೆ ಬಂದಿದ್ದ ಗವರ್ನರ್ ಜನರಲ್ ಡಾಲ್‌ಹೌಸಿಯು ದರಿಯಾ ದೌಲತಿನ ಮಾಸಿಹೋದ ಯುದ್ಧಚಿತ್ರಗಳನ್ನು ಮತ್ತೆ ಬರೆಯಿಸಲು ಆಜ್ಞೆ ಮಾಡಿದನು. ಗುಂಬಜಿಗೆ ಜೋಡಿಬಾಗಿಲುಗಳನ್ನು ಕೊಡುಗೆಯಾಗಿ ಕೊಟ್ಟನು. ಕರಿಮರದ ಹಲಗೆಗಳಲ್ಲಿ ಗುಳಿ ತೋಡಿ ಬಿಳಿಯ ದಂತವನ್ನು ಕೂದಲೆಳೆಯಷ್ಟೂ ಸಂದು ಬಿಡದೆ ಕೂರಿಸಿದ ಆ ಬಾಗಿಲುಗಳು ಇಂದಿಗೂ ಅಲ್ಲಿಯೇ ಇವೆ.